ಬಡ್ಡಿಯಷ್ಟೇ ಅಲ್ಲ, ಮುಚ್ಚುಮರೆಯೂ ನಿಷಿದ್ಧ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಉತ್ತರ ಕರ್ನಾಟಕದ ಒಂದು ಉಪವಿಭಾಗದ ಹೊಣೆ ಹೊತ್ತಿದ್ದೆ. ಶೇಂಗಾ ಸುಗ್ಗಿಯ ಸಮಯ. ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ತೂಕ ಮತ್ತು ಗುಣಮಟ್ಟದ ಬಗ್ಗೆ ದೂರುಗಳು ಬರುತ್ತಿದ್ದವು. ಒಂದು ಬೆಳಿಗ್ಗೆ ಮುನ್ಸೂಚನೆಯಿಲ್ಲದೆ ತಪಾಸಣೆಗೆ ಹೋದೆ. ಸಾಲು ಸಾಲಾಗಿ ರಾಶಿಗಳು. ಹೆಚ್ಚಿನ ರಾಶಿಗಳ ಮೇಲ್ಭಾಗದಲ್ಲಿ ಚೆನ್ನಾಗಿ ಒಣಗಿದ, ತುಂಬಿದ ಕಾಯಿಗಳು. ಕೈಯನ್ನು ಒಳಗೆ ತೂರಿಸಿದರೆ ಬೇರೆಯದೇ ಮಾಲು. ಒಬ್ಬ ವೃದ್ಧ ಮುಸ್ಲಿಂ ವರ್ತಕರ ಅಂಗಡಿಯ ಮುಂದೆ ಮಾತ್ರ ಇದಕ್ಕೆ ತದ್ವಿರುದ್ಧ ದೃಶ್ಯವಿತ್ತು. ಮಳೆಗೆ ಸಿಕ್ಕು ಕಪ್ಪಾದ ಕಾಯಿಗಳನ್ನೇ ಹಮಾಲರಿಂದ ರಾಶಿಯ ಮೇಲೆ ಹರಡಿಸುತ್ತಿದ್ದರು. ಹೀಗೇಕೆ ಎಂದು ಕೇಳಿದೆ.

“ಹಸಿ ಮಾಲು ಮ್ಯಾಲೇ ಇರಬೇಕ್ರಿ ಸಾಹೇಬ್ರ. ಕೆಳಗ ಮುಚ್ಚಿಟ್ರ ಅದು ವ್ಯಾಪಾರ ಅಲ್ರಿ” ಎಂದರು.

ಆಮೇಲೆ ಚಹಾ ತರಿಸಿ ಮದೀನಾದ ಸಂತೆಯ ಒಂದು ಪ್ರಸಂಗ ಹೇಳಿದರು. ಪ್ರವಾದಿ ಮುಹಮ್ಮದರು ಧಾನ್ಯದ ರಾಶಿಯೊಂದರೊಳಗೆ ಕೈ ಇಟ್ಟಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತೆಂದು ಮಾರುವವನು ಸಮಜಾಯಿಷಿ ನೀಡಿದ. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲಕ್ಕೇಕೆ ಇಡಲಿಲ್ಲ ಎಂದು ಪ್ರವಾದಿಯವರು ಕೇಳಿದರು. ವಂಚಿಸುವವನು ತಮ್ಮ ಬಳಗಕ್ಕೆ ಸೇರಿದವನಲ್ಲ ಎಂದರು. ಪ್ರವಾದಿಯವರ ನಡೆನುಡಿಗಳ ದಾಖಲೆಯಾದ ಹದೀಸ್ ಸಂಗ್ರಹಗಳಲ್ಲಿ ಪ್ರಮುಖವಾದ ‘ಸಹೀಹ್ ಮುಸ್ಲಿಂ’ನಲ್ಲಿ ಈ ಪ್ರಸಂಗವಿದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಅಂದು ನನ್ನ ಕುತೂಹಲ ಕೆರಳಿದ್ದು ಬೇರೊಂದು ಕಾರಣಕ್ಕೆ. ಹಾಳು ಕಾಯಿಯನ್ನು ತೋರಿಸಿ ಮಾರಿದರೆ ಮಾಲು ತಂದ ರೈತನಿಗೆ ನಷ್ಟವಾಗುವುದಿಲ್ಲವೇ? ದರದ ವಹಿ ತರಿಸಿ ನೋಡಿದೆ. ಆ ಅಂಗಡಿಯ ರಾಶಿಗಳಿಗೆ ಕ್ವಿಂಟಲ್‌ಗೆ ಕೆಲವು ರೂಪಾಯಿ ಹೆಚ್ಚೇ ಸಿಗುತ್ತಿತ್ತು. ಉಳಿದ ಕಡೆ ಖರೀದಿದಾರರು ಒಳಗೆ ಏನಿದೆಯೋ ಎಂಬ ಅನುಮಾನಕ್ಕಾಗಿ ಮೊದಲೇ ದರ ತಗ್ಗಿಸಿ ಕೂಗುತ್ತಿದ್ದರು. ಈ ಅಂಗಡಿಯ ಮುಂದೆ ಅನುಮಾನಕ್ಕೆ ಕಡಿತ ಮಾಡಬೇಕಾದ ಅಗತ್ಯವಿರಲಿಲ್ಲ.

ಇಸ್ಲಾಂ ಮತ್ತು ವ್ಯಾಪಾರ ಎಂದ ಕೂಡಲೇ ವಿದ್ಯಾವಂತರಾದ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಒಂದೇ ಸಂಗತಿ: ಬಡ್ಡಿಯ ನಿಷೇಧ. ಮುಸ್ಲಿಂ ಸ್ನೇಹಿತರಲ್ಲೂ ಅನೇಕರ ತಿಳಿವಳಿಕೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಕೊಡುಕೊಳ್ಳುವಿಕೆಗೆ ಮೀಸಲಾದ ‘ಮುಆಮಲಾತ್’ ಎಂಬ ವಿಭಾಗ ಬಹು ವಿಸ್ತಾರವಾದುದು. ನಾನು ಧರ್ಮಶಾಸ್ತ್ರದ ಪಂಡಿತನಲ್ಲ. ಅರ್ಥಶಾಸ್ತ್ರ ಓದಿ, ಆಡಳಿತದಲ್ಲಿ ದುಡಿದು ನಿವೃತ್ತನಾದವನು. ಬಿಡುವಿನ ವೇಳೆಯಲ್ಲಿ ಈ ವಿಧಿಗಳನ್ನು ಓದುತ್ತ ಹೋದಂತೆ ನನಗೆ ಕಂಡದ್ದಿಷ್ಟು. ಬಡ್ಡಿಯಷ್ಟೇ ಗಂಭೀರವಾಗಿ ಈ ಶಾಸ್ತ್ರ ಆಕ್ಷೇಪಿಸುವುದು, ತಿಳಿದವನು ತಿಳಿಯದವನ ಅಜ್ಞಾನವನ್ನೇ ಬಂಡವಾಳ ಮಾಡಿಕೊಳ್ಳುವುದನ್ನು. ಈ ಎರಡನೆಯ ಅಂಶವನ್ನು ಮರೆತದ್ದಕ್ಕೆ ನಮ್ಮ ರಾಜ್ಯದ ಸಾವಿರಾರು ಕುಟುಂಬಗಳು ಭಾರಿ ಬೆಲೆ ತೆತ್ತಿವೆ. ಆ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ಹಿನ್ನೆಲೆ. ಪ್ರವಾದಿಯವರು ಸ್ವತಃ ವ್ಯಾಪಾರದಲ್ಲಿ ತೊಡಗಿದ್ದವರು. ಖದೀಜಾ ಅವರ ಸರಕಿನೊಂದಿಗೆ ಶಾಮ್ ದೇಶಕ್ಕೆ, ಎಂದರೆ ಇಂದಿನ ಸಿರಿಯಾದ ಕಡೆಗೆ, ಹೋಗಿಬಂದವರು. ಕುರ್‌ಆನ್ ವ್ಯಾಪಾರವನ್ನು ಧರ್ಮಸಮ್ಮತವೆಂದು ಸಾರಿ, ಪರಸ್ಪರ ಒಪ್ಪಿಗೆಯನ್ನು ಅದರ ಆಧಾರವಾಗಿಸುತ್ತದೆ. ಅಳೆದುಕೊಳ್ಳುವಾಗ ಪೂರ್ತಿ ಪಡೆದು, ಅಳೆದುಕೊಡುವಾಗ ಕಡಿಮೆ ಮಾಡುವವರನ್ನು ಖಂಡಿಸುವುದಕ್ಕೆ 83ನೇ ಅಧ್ಯಾಯದ ಆರಂಭವನ್ನೇ ಮೀಸಲಿಡಲಾಗಿದೆ. ಇಡೀ ಗ್ರಂಥದ ಅತ್ಯಂತ ದೀರ್ಘವಾದ ವಚನ ಯಾವುದರ ಕುರಿತಾದದ್ದು ಎಂದು ಕೇಳಿದರೆ ಅನೇಕರಿಗೆ ಅಚ್ಚರಿಯಾದೀತು. ಎರಡನೇ ಅಧ್ಯಾಯದ 282ನೇ ವಚನವದು. ಸಾಲದ ವ್ಯವಹಾರವನ್ನು ಗಡುವಿನೊಂದಿಗೆ ಬರೆದಿಡಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಉದಾಸೀನ ಮಾಡಬಾರದು ಎಂಬುದು ಅದರ ಸಾರ. ಕಂದಾಯ ಇಲಾಖೆಯಲ್ಲಿ ಬಾಯಿಮಾತಿನ ಕರಾರುಗಳ ತಂಟೆಯನ್ನು ವರ್ಷಗಟ್ಟಲೆ ಕಂಡ ನನ್ನಂಥವನಿಗೆ ಈ ವಚನದ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ.

ನ್ಯಾಯವೇತ್ತರು ಬೆಳೆಸಿದ ವಿಧಿಗಳ ತಿರುಳಿನಲ್ಲಿರುವ ಒಂದು ಪದ ‘ಗರರ್’. ವ್ಯವಹಾರದ ಮೂಲದಲ್ಲೇ ಅಡಗಿದ ಅನಿಶ್ಚಿತತೆ ಎಂದು ಅದನ್ನು ವಿವರಿಸಬಹುದು. ನೀರಿನೊಳಗಿನ ಮೀನನ್ನು, ಆಕಾಶದಲ್ಲಿರುವ ಹಕ್ಕಿಯನ್ನು ಮಾರುವಂತಿಲ್ಲ. ಸರಕು ಯಾವುದು, ಎಷ್ಟು, ಬೆಲೆಯೇನು, ಯಾವಾಗ ಕೈಸೇರುತ್ತದೆ ಎಂಬುದು ಇಬ್ಬರಿಗೂ ತಿಳಿದಿರಬೇಕು. ವ್ಯಾಪಾರವೆಂದ ಮೇಲೆ ನಷ್ಟದ ಸಾಧ್ಯತೆ ಇದ್ದೇ ಇರುತ್ತದೆ. ಅದಕ್ಕೆ ಈ ಶಾಸ್ತ್ರದ ತಕರಾರಿಲ್ಲ. ಏನನ್ನು ಕೊಳ್ಳುತ್ತಿದ್ದೇನೆ ಎಂಬುದೇ ಗೊತ್ತಿಲ್ಲದ ಕತ್ತಲೆಗೆ ಮಾತ್ರ ತಕರಾರು.

ಒಂದೆರಡು ವಿಧಿಗಳನ್ನು ನಮ್ಮ ಹಳ್ಳಿಗಳ ಅನುಭವದೊಂದಿಗೆ ಇಟ್ಟು ನೋಡೋಣ. ಜಾತ್ರೆಯಲ್ಲಿ ಹಸು ಕೊಂಡವರಿಗೆ ಈ ತಂತ್ರ ಗೊತ್ತು: ಎರಡು ಹೊತ್ತು ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿದಂತೆ ತೋರಿಸಿ ಮಾರುವುದು. ಹದೀಸ್ ಈ ವಂಚನೆಯನ್ನು ನೇರವಾಗಿ ಪ್ರಸ್ತಾಪಿಸಿ, ಹೀಗೆ ಮೋಸಹೋದವನು ಮೂರು ದಿನಗಳೊಳಗೆ ಪ್ರಾಣಿಯನ್ನು ಹಿಂದಿರುಗಿಸಬಹುದು ಎನ್ನುತ್ತದೆ. ಕರೆದುಕೊಂಡ ಹಾಲಿಗೆ ಬದಲಾಗಿ ಒಂದು ಅಳತೆ ಖರ್ಜೂರ ಕೊಡಬೇಕು. ಕೊಂಡವನಿಗೂ ನ್ಯಾಯ, ಮಾರಿದವನಿಗೂ ಲೆಕ್ಕ.

ಎರಡನೆಯದು ಇನ್ನೂ ಹತ್ತಿರದ್ದು. ಊರಿನತ್ತ ಬರುತ್ತಿರುವ ಸರಕಿನ ತಂಡವನ್ನು ಹೊರವಲಯದಲ್ಲೇ ಎದುರುಗೊಂಡು ಖರೀದಿಸಬಾರದು. ಹಾಗೆ ಮಾರಿದವನು ಸಂತೆ ತಲುಪಿ ನಿಜವಾದ ದರ ತಿಳಿದ ಮೇಲೆ ಕರಾರು ಮುರಿಯಬಹುದು ಎಂಬ ವಿಧಿಯಿದೆ. ನಾನು ಕಂಡ ಮಾರುಕಟ್ಟೆಗಳಲ್ಲಿ ದಲ್ಲಾಳಿಗಳ ಹುಡುಗರು ಮೋಟರ್ ಸೈಕಲ್ಲಿನಲ್ಲಿ ಊರ ಹೊರಗಿನ ಕೂಡು ರಸ್ತೆಯಲ್ಲಿ ಕಾಯುತ್ತಿದ್ದರು. ಇವತ್ತು ದರ ಬಿದ್ದಿದೆ, ಒಳಗೆ ಹೋದರೆ ಎರಡು ದಿನ ಕಾಯಬೇಕು ಎಂದು ಹೆದರಿಸಿ ಟ್ರ್ಯಾಕ್ಟರ್‌ನಲ್ಲಿದ್ದ ಮಾಲನ್ನು ಅಲ್ಲೇ ಮುಗಿಸುತ್ತಿದ್ದರು. ಅದನ್ನು ತಡೆಯಲು ನಮ್ಮ ಬಳಿ 1966ರ ಕೃಷಿ ಉತ್ಪನ್ನ ಮಾರಾಟ ಕಾಯ್ದೆಯಿತ್ತು. ಏಳನೇ ಶತಮಾನದ ಅರೇಬಿಯಾದಲ್ಲೂ ಇದೇ ಸಮಸ್ಯೆಗೆ ಇದೇ ನೆಲೆಯ ಪರಿಹಾರ ಹುಡುಕಲಾಗಿತ್ತು ಎಂದು ತಿಳಿದಾಗ, ಮನುಷ್ಯನ ಜಾಣತನ ಎಲ್ಲೆಡೆ ಒಂದೇ ಎನಿಸಿತು.

ಮೂರನೆಯದು ಮರದ ಮೇಲಿನ ಫಸಲು. ಮಲೆನಾಡಿನಲ್ಲಿ ಅಡಿಕೆಯನ್ನು ಚೇಣಿಗೆ ಕೊಡುವ, ಕೋಲಾರದ ಕಡೆ ಮಾವಿನ ತೋಪನ್ನು ಹೂವಿನಲ್ಲೇ ಗುತ್ತಿಗೆಗೆ ಕೊಡುವ ಪದ್ಧತಿ ನಮಗೆ ಪರಿಚಿತ. ಆಲಿಕಲ್ಲು ಬಿದ್ದರೆ ನಷ್ಟ ಯಾರದು? ಹಣ್ಣು ಬಣ್ಣ ತಿರುಗಿ, ಕೈಗೆ ಹತ್ತುವುದು ಖಚಿತವಾಗುವ ಮೊದಲು ಮಾರಬಾರದೆಂದು ಹದೀಸ್ ಹೇಳುತ್ತದೆ. ಹಣ್ಣೇ ಬಿಡದೆ ಹೋದರೆ ಯಾವ ಹಕ್ಕಿನಿಂದ ಇನ್ನೊಬ್ಬನ ಹಣ ಇಟ್ಟುಕೊಳ್ಳುವೆ ಎಂಬುದು ಅದರ ಹಿಂದಿನ ಪ್ರಶ್ನೆ. ಮಾರಾಟದ ನಂತರ ಪ್ರಕೃತಿ ವಿಕೋಪದಿಂದ ಫಸಲಿನ ಮೂರನೇ ಒಂದು ಭಾಗ ಅಥವಾ ಹೆಚ್ಚು ಹಾಳಾದರೆ ಬೆಲೆಯನ್ನೂ ಆ ಪ್ರಮಾಣದಲ್ಲಿ ಇಳಿಸಬೇಕೆಂಬುದು ಮಾಲಿಕಿ ಪಂಥದ ನಿಲುವು.

ಹಾಗೆಂದು ರೈತನಿಗೆ ಮುಂಗಡ ಹಣ ಬೇಡವೇ? ಅದಕ್ಕೂ ದಾರಿಯಿದೆ. ಮದೀನಾದ ಜನ ಒಂದೆರಡು ವರ್ಷ ಮೊದಲೇ ಫಲಕ್ಕೆ ಹಣ ಕೊಡುವ ರೂಢಿಯಿಟ್ಟುಕೊಂಡಿದ್ದರು. ಪ್ರವಾದಿಯವರು ಅದನ್ನು ರದ್ದು ಮಾಡಲಿಲ್ಲ. ಅಳತೆ, ತೂಕ, ಗಡುವು ಮೂರೂ ನಿಶ್ಚಿತವಾಗಿರಬೇಕೆಂದು ಶರತ್ತು ವಿಧಿಸಿದರು. ಇದೇ ‘ಸಲಂ’. ಪೂರ್ತಿ ಬೆಲೆಯನ್ನು ಮೊದಲೇ ಕೊಡಬೇಕು. ನಿರ್ದಿಷ್ಟ ತೋಟದ ಫಲ ಎಂದು ಕಟ್ಟಿಹಾಕುವಂತಿಲ್ಲ. ಆ ತೋಟ ಕೈಕೊಟ್ಟರೂ ಸಂತೆಯಲ್ಲಿ ಅದೇ ಗುಣಮಟ್ಟದ ಮಾಲು ಕೊಂಡು ಕೊಡಲು ಸಾಧ್ಯವಾಗಬೇಕು.

ಬೆಲೆಯ ವಿಷಯದಲ್ಲಿ ಇದೇ ಪರಂಪರೆ ಸಾಕಷ್ಟು ಉದಾರವಾಗಿದೆ. ದರ ಏರಿದಾಗ ಜನ ಬಂದು ಬೆಲೆ ನಿಗದಿ ಮಾಡಿರೆಂದು ಕೇಳಿಕೊಂಡರೂ ಪ್ರವಾದಿಯವರು ಒಪ್ಪಲಿಲ್ಲ. ಲಾಭಕ್ಕೆ ಇಂತಿಷ್ಟೇ ಶೇಕಡಾವಾರು ಎಂಬ ಮಿತಿಯನ್ನು ಬಹುಪಾಲು ನ್ಯಾಯವೇತ್ತರು ಹಾಕಿಲ್ಲ. ಆದರೆ ಆಹಾರಧಾನ್ಯ ಕೂಡಿಟ್ಟು ಅಭಾವ ಸೃಷ್ಟಿಸುವುದು, ಕೊಳ್ಳುವ ಉದ್ದೇಶವಿಲ್ಲದೆ ಹರಾಜಿನಲ್ಲಿ ಹುಸಿ ಕೂಗು ಕೂಗಿ ದರ ಏರಿಸುವುದು ನಿಷಿದ್ಧ. 1328ರಲ್ಲಿ ನಿಧನರಾದ ಇಬ್ನ್ ತೈಮಿಯ್ಯಾ ಇನ್ನೂ ಮುಂದೆ ಹೋಗಿ, ಜನರಿಗೆ ಅಗತ್ಯವಾದ ಸರಕನ್ನು ವರ್ತಕರು ತಡೆಹಿಡಿದಾಗ ನ್ಯಾಯಬೆಲೆಗೆ ಮಾರುವಂತೆ ಆಡಳಿತ ಕಡ್ಡಾಯ ಮಾಡಬಹುದೆಂದು ವಾದಿಸಿದರು. ಸಂತೆ ಸ್ವತಂತ್ರವಾಗಿರಲಿ, ಸಂಚು ಬೇಡ ಎಂಬುದು ಇದರ ತಾತ್ಪರ್ಯ.

ಎಲ್ಲ ವಿಷಯಗಳಲ್ಲೂ ಒಮ್ಮತವಿದೆ ಎಂದಲ್ಲ. ಮಾತು ಮುಗಿದರೂ ಇಬ್ಬರೂ ಆ ಸ್ಥಳದಿಂದ ಅಗಲುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದೆಂದು ಶಾಫಿ ಮತ್ತು ಹಂಬಲಿ ಪಂಥಗಳು ಹೇಳುತ್ತವೆ. ಒಪ್ಪಿಗೆಯಾದೊಡನೆ ಕರಾರು ಬದ್ಧವೆನ್ನುತ್ತವೆ ಹನಫಿ ಮತ್ತು ಮಾಲಿಕಿ ಪಂಥಗಳು. ನಮ್ಮ ಕರಾವಳಿಯ ಬ್ಯಾರಿ, ನವಾಯತ ಸಮುದಾಯಗಳದು ಶಾಫಿ ಪರಂಪರೆ, ಒಳನಾಡಿನ ಬಹುಪಾಲು ಮುಸ್ಲಿಮರದು ಹನಫಿ. ಆದರೆ ಸರಕಿನ ದೋಷವನ್ನು ಬಲ್ಲವನು ಅದನ್ನು ಹೇಳಲೇಬೇಕು ಎಂಬಲ್ಲಿ ಭಿನ್ನಮತವಿಲ್ಲ. ಹನಫಿ ಪಂಥದ ಮೂಲಪುರುಷ ಇಮಾಂ ಅಬೂ ಹನೀಫಾ ಕೂಫಾ ನಗರದಲ್ಲಿ ರೇಷ್ಮೆ ಬಟ್ಟೆಯ ವ್ಯಾಪಾರಿ. ಪಾಲುದಾರನೊಬ್ಬ ದೋಷವಿದ್ದ ಬಟ್ಟೆಯನ್ನು ಕೊಂಡವನಿಗೆ ತಿಳಿಸದೆ ಮಾರಿದನೆಂದು ಗೊತ್ತಾದಾಗ ಆ ಹಣವನ್ನೆಲ್ಲ ಅವರು ದಾನ ಮಾಡಿಬಿಟ್ಟರು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ.

ಎಂ.ಎ. ತರಗತಿಯಲ್ಲಿ ನಮಗೆ ಜಾರ್ಜ್ ಅಕರ್ಲಾಫ್ ಅವರ 1970ರ ಪ್ರಬಂಧವೊಂದನ್ನು ಪಾಠ ಮಾಡಿದ್ದರು. ಹಳೆಯ ಕಾರುಗಳ ಮಾರುಕಟ್ಟೆ ಅದರ ವಸ್ತು. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾಗಿ ಕೊಳ್ಳುವವನು ಎಲ್ಲ ಕಾರುಗಳಿಗೂ ಸರಾಸರಿ ಬೆಲೆಯನ್ನಷ್ಟೇ ಕೊಡಲು ಮುಂದಾಗುತ್ತಾನೆ; ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲೊಲ್ಲ; ಕೊನೆಗೆ ಕಳಪೆ ಮಾಲೇ ಉಳಿದು ಮಾರುಕಟ್ಟೆ ಕುಸಿಯುತ್ತದೆ. ಈ ವಿಚಾರಕ್ಕಾಗಿ ಅವರು 2001ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಹಂಚಿಕೊಂಡರು. ಶೇಂಗಾ ಪ್ರಾಂಗಣದ ದರದ ವಹಿಯಲ್ಲಿ ನಾನು ಕಂಡದ್ದು ಇದೇ ಸಿದ್ಧಾಂತ. ಆ ವೃದ್ಧ ವರ್ತಕರು ಅಕರ್ಲಾಫರನ್ನು ಓದಿರಲಿಲ್ಲ.

ಬಡ್ಡಿಯ ಪ್ರಶ್ನೆಯಲ್ಲಿ ಮಾತ್ರ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ತೊಡಕಿದೆ. ಒಂದೇ ಹೊಲಿಗೆ ಯಂತ್ರಕ್ಕೆ ನಗದಾದರೆ ಹತ್ತು ಸಾವಿರ, ಉದ್ರಿಯಾದರೆ ಹನ್ನೊಂದು ಸಾವಿರ ಎನ್ನಬಹುದೇ? ಎರಡರಲ್ಲಿ ಒಂದನ್ನು ಅಲ್ಲೇ ನಿಶ್ಚಯಿಸಿಕೊಂಡರೆ ಸರಿ ಎನ್ನುತ್ತಾರೆ ಬಹುಪಾಲು ನ್ಯಾಯವೇತ್ತರು. ಆದರೆ ಹತ್ತು ಸಾವಿರ ಸಾಲ ಕೊಟ್ಟು ಹನ್ನೊಂದು ಸಾವಿರ ಪಡೆದರೆ ಅದು ‘ರಿಬಾ’, ನಿಷಿದ್ಧ. ಎರಡರಲ್ಲೂ ಕಾಲಕ್ಕೆ ಬೆಲೆ ಕಟ್ಟಲಾಗಿದೆಯಲ್ಲ ಎಂಬ ಪ್ರಶ್ನೆ ಸಹಜ. ವ್ಯತ್ಯಾಸವಿರುವುದು ಮುಂದಿನ ಹೆಜ್ಜೆಯಲ್ಲಿ. ಮಾರಾಟದಲ್ಲಿ ಬೆಲೆ ಒಮ್ಮೆ ನಿಂತರೆ ನಿಂತಿತು. ಗಡುವು ತಪ್ಪಿದರೂ ಅದನ್ನು ಬೆಳೆಸುವಂತಿಲ್ಲ, ಕಷ್ಟದಲ್ಲಿರುವವನಿಗೆ ಕಾಲಾವಕಾಶ ಕೊಡಬೇಕು. ಸಾಲ ಬೆಳೆಯುತ್ತ ಹೋಗಿ ಜಮೀನನ್ನೇ ನುಂಗಿದ ಕಥೆಗಳನ್ನು ನಾನು ಕಡತಗಳಲ್ಲಿ ಓದಿದ್ದೇನೆ. ಹಾಗಾಗಿ ಈ ಗೆರೆಯನ್ನು ಕೇವಲ ತಾಂತ್ರಿಕವೆಂದು ತಳ್ಳಿಹಾಕಲಾರೆ. ಆದರೆ ಅದು ದುರ್ಬಳಕೆಗೆ ಒಡ್ಡಿಕೊಂಡಿರುವ ತೆಳು ಗೆರೆ ಎಂಬುದನ್ನೂ ಒಪ್ಪಬೇಕು. ಸರಕಿನ ಮಾರಾಟವನ್ನು ಕಾಗದದ ಮೇಲೆ ಮಾತ್ರ ತೋರಿಸಿ ನಗದು ಸಾಲ ಕೊಡುವ, ಬ್ಯಾಂಕುಗಳೇ ಏರ್ಪಡಿಸುವ ‘ತವರ್ರುಕ್’ ಎಂಬ ವ್ಯವಸ್ಥೆಯನ್ನು ಇಸ್ಲಾಮೀ ರಾಷ್ಟ್ರಗಳ ಸಂಘಟನೆಯ ಫಿಕ್ಹ್ ಅಕಾಡೆಮಿಯೇ 2009ರಲ್ಲಿ ಅಸಮ್ಮತವೆಂದು ತೀರ್ಮಾನಿಸಿತು.

ಭಾರತದಲ್ಲಿ ಈ ವಿಧಿಗಳಿಗೆ ಕಾನೂನಿನ ಬಲವಿಲ್ಲ. 1937ರ ಷರೀಯತ್ ಅನ್ವಯ ಕಾಯ್ದೆ ವಿವಾಹ, ಉತ್ತರಾಧಿಕಾರ, ದಾನ, ವಕ್ಫ್‌ ಮುಂತಾದವನ್ನು ಹೆಸರಿಸುತ್ತದೆ. ಮಾರಾಟ, ಸಾಲ, ಪಾಲುದಾರಿಕೆಗಳು ಅದರಲ್ಲಿಲ್ಲ. ಅವುಗಳಿಗೆ ಎಲ್ಲರಂತೆ 1872ರ ಕರಾರು ಕಾಯ್ದೆ, 1930ರ ಸರಕು ಮಾರಾಟ ಕಾಯ್ದೆ. ಆದ್ದರಿಂದ ಇಲ್ಲಿ ಮುಆಮಲಾತ್ ಅಂತಃಸಾಕ್ಷಿಯ ವಿಷಯ. ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಕಲ್ಪಿಸಬೇಕೆಂದು ರಘುರಾಂ ರಾಜನ್ ಸಮಿತಿ 2008ರಲ್ಲಿ ಶಿಫಾರಸು ಮಾಡಿತ್ತು. ಅದನ್ನು ಮುಂದುವರಿಸದಿರಲು ನಿರ್ಧರಿಸಿದ್ದಾಗಿ ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಬಡ್ಡಿ ಬೇಡವೆನ್ನುವ ಶ್ರದ್ಧಾವಂತನ ಉಳಿತಾಯ ಹೋಗುವುದೆಲ್ಲಿಗೆ? ಆ ತೆರವನ್ನು ಯಾರು ತುಂಬಿದರು ಎಂಬುದೇ ಈ ಲೇಖನಕ್ಕೆ ಪ್ರೇರಣೆ.

ನನ್ನ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕರಾಗಿದ್ದ ಒಬ್ಬರು ನಿವೃತ್ತರಾದಾಗ ಬಂದ ಹಣದಲ್ಲಿ ಐದು ಲಕ್ಷವನ್ನು ತಮ್ಮ ಊರಿನ ಸಣ್ಣ ಸಂಸ್ಥೆಯೊಂದರಲ್ಲಿ ತೊಡಗಿಸಿದರು. ಬಡ್ಡಿಯ ಹಣ ಬೇಡ, ಇದು ಹಲಾಲ್ ಲಾಭ ಎಂಬ ಸಮಾಧಾನ ಅವರಿಗೆ. ತಿಂಗಳಿಗೆ ಹದಿನೈದು ಸಾವಿರ ತಪ್ಪದೆ ಬರುತ್ತಿತ್ತು. ಒಂದು ವರ್ಷ ಕಳೆಯುವ ಮೊದಲೇ ಬಾಗಿಲಿಗೆ ಬೀಗ ಬಿತ್ತು. ಕಾಗದಪತ್ರ ಹಿಡಿದು ನನ್ನಲ್ಲಿಗೆ ಬಂದರು. “ಸರ್, ದೇವರ ಹೆಸರು ಹೇಳಿದ್ರು, ನಂಬಿದೆ” ಎಂದರು. ಮಗಳ ಮದುವೆಗೆಂದು ಇಟ್ಟ ಹಣವದು. ನಾನು ಕೊಡಬಹುದಾಗಿದ್ದುದು ದೂರು ಬರೆಯುವ ಸಹಾಯವಷ್ಟೇ.

ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಎಲ್ಲರಿಗೂ ತಿಳಿದಿರುವ ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ (ಐಎಂಎ) ಪ್ರಕರಣ. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥ ದುಬೈಗೆ ಹೋದ ಸುದ್ದಿ ಹಬ್ಬಿದಾಗ ದೂರು ಕೊಡಲು ಸಾವಿರಾರು ಜನ ಸಾಲುಗಟ್ಟಿ ನಿಂತರು. ಅವರಲ್ಲಿ ಗೃಹಿಣಿಯರು, ವೃದ್ಧರು, ಸಣ್ಣ ವ್ಯಾಪಾರಿಗಳು ಬಹಳ. ಬಡ್ಡಿಯಿಲ್ಲದ ಧರ್ಮಸಮ್ಮತ ಹೂಡಿಕೆ ಎಂಬ ನಂಬಿಕೆಯೇ ಅವರನ್ನು ಅಲ್ಲಿಗೆ ಕರೆತಂದಿತ್ತು. ಜುಲೈನಲ್ಲಿ ಆತನ ಬಂಧನವಾಯಿತು. ನಂತರ ತನಿಖೆ ಸಿಬಿಐಗೆ ಹೋಯಿತು.

ವಿಪರ್ಯಾಸವನ್ನು ಗಮನಿಸಿ. ಒಬ್ಬ ಬಂಡವಾಳ ಹಾಕಿ, ಇನ್ನೊಬ್ಬ ದುಡಿಮೆ ಹಾಕುವ ಪಾಲುದಾರಿಕೆಗೆ ಇಸ್ಲಾಮೀ ಶಾಸ್ತ್ರದಲ್ಲಿ ‘ಮುದಾರಬಾ’ ಎಂದು ಹೆಸರು. ಅದರ ನಿಯಮಗಳು ನಿಚ್ಚಳವಾಗಿವೆ. ಲಾಭವನ್ನು ಅನುಪಾತದಲ್ಲಿ ಹಂಚಬೇಕೇ ಹೊರತು ಇಂತಿಷ್ಟು ಮೊತ್ತವೆಂದು ನಿಗದಿ ಮಾಡುವಂತಿಲ್ಲ. ವ್ಯಾಪಾರದಲ್ಲಿ ಸಹಜವಾಗಿ ನಷ್ಟವಾದರೆ ಅದು ಬಂಡವಾಳದವನದು. ಅಸಲಿಗೆ ಖಾತರಿ ಕೊಡುವಂತಿಲ್ಲ. ನನ್ನ ಸಹೋದ್ಯೋಗಿಗೆ ಸಿಗುತ್ತಿದ್ದುದು ಏನು? ತಿಂಗಳಿಗೆ ಶೇಕಡ ಮೂರು, ವರ್ಷಕ್ಕೆ ಶೇಕಡ ಮೂವತ್ತಾರು, ಮಳೆ ಬರಲಿ ಬರ ಬರಲಿ ಒಂದೇ ಮೊತ್ತ, ಅಸಲಿಗೆ ಭರವಸೆ. ಯಾವ ವ್ಯಾಪಾರದಿಂದ ಆ ಹಣ ಹುಟ್ಟುತ್ತಿದೆ ಎಂಬ ಲೆಕ್ಕವನ್ನು ಅವರು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಹಲಾಲ್ ಎಂಬ ಫಲಕದಡಿ ನಡೆದದ್ದು ಆ ಶಾಸ್ತ್ರವೇ ಒಪ್ಪದ ವ್ಯವಹಾರ. ರಾಶಿಯ ಮೇಲೆ ಒಣ ಕಾಯಿ, ಒಳಗೆ ಹಸಿ.

ನಂಬಿಕೆಯ ಹೆಸರಿನಲ್ಲಿ ಮೋಸ ಹೋಗುವುದು ಒಂದು ಸಮುದಾಯಕ್ಕೆ ಸೀಮಿತವಲ್ಲ. ಜಾತಿಯ ಹೆಸರಿನ ಪತ್ತಿನ ಸಂಘಗಳಲ್ಲಿ, ಗುರುಗಳ ಚಿತ್ರ ತೂಗುಹಾಕಿದ ಚೀಟಿ ವ್ಯವಹಾರಗಳಲ್ಲಿ ಹಣ ಕಳೆದುಕೊಂಡವರನ್ನೂ ನಾನು ಬಲ್ಲೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ 2019ರಲ್ಲಿ ಬಂದಿದೆ. ಆನ್‌ಲೈನ್ ಅಂಗಡಿಗಳು ಗ್ರಾಹಕನನ್ನು ದಾರಿತಪ್ಪಿಸುವ ಹದಿಮೂರು ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸುವ ಮಾರ್ಗಸೂಚಿಯೂ 2023ರಲ್ಲಿ ಬಂತು. ಕೊನೆಯ ಕ್ಷಣದಲ್ಲಿ ಬಿಲ್ಲಿಗೆ ಸೇರುವ ಗುಪ್ತ ಶುಲ್ಕ, ಇಲ್ಲದ ಅಭಾವವನ್ನು ತೋರಿಸಿ ಅವಸರಪಡಿಸುವುದು ಅವುಗಳಲ್ಲಿ ಸೇರಿವೆ. ಕಾನೂನು ಬೇಕು. ಆದರೆ ಬೀಗ ಬಿದ್ದ ಮೇಲೆ ಬರುವ ಕಾನೂನು ಕಳೆದ ಹಣವನ್ನು ಪೂರ್ತಿ ತಂದುಕೊಡಲಾರದು.

ನನ್ನ ಅರಿಕೆ ಇಷ್ಟೇ. ಹಲಾಲ್ ಹೂಡಿಕೆ ಎಂದು ಯಾರಾದರೂ ಬಂದರೆ ಮೂರು ಪ್ರಶ್ನೆ ಕೇಳಬೇಕು: ಹಣ ಯಾವ ವ್ಯಾಪಾರಕ್ಕೆ ಹೋಗುತ್ತದೆ? ಲಾಭದ ಅನುಪಾತವೇನು, ನಷ್ಟವಾದರೆ ಯಾರಿಗೆ? ಲೆಕ್ಕವನ್ನು ಯಾರು ಪರಿಶೋಧಿಸುತ್ತಾರೆ? ಶುಕ್ರವಾರದ ಪ್ರವಚನಗಳಲ್ಲಿ ಬಡ್ಡಿಯ ಪಾಪದಷ್ಟೇ ಒತ್ತು ಕೊಟ್ಟು ಮುದಾರಬಾದ ನಿಯಮಗಳನ್ನೂ ವಿವರಿಸಿದರೆ ಎಷ್ಟೋ ಮನೆಗಳು ಉಳಿಯುತ್ತವೆ. ಬಡ್ಡಿ ಒಲ್ಲದವರ ಉಳಿತಾಯಕ್ಕೆ ನಿಯಂತ್ರಣದೊಳಗಿನ ಒಂದು ದಾರಿ ತೆರೆಯುವ ಪ್ರಶ್ನೆಯನ್ನು ಸರ್ಕಾರವೂ ಮತ್ತೊಮ್ಮೆ ಪರಿಶೀಲಿಸಬೇಕು.

ಆ ವೃದ್ಧ ವರ್ತಕರು ಈಗಿಲ್ಲ. ಕೆಲವು ವರ್ಷಗಳ ಹಿಂದೆ ಆ ಊರಿಗೆ ಹೋದಾಗ ಪ್ರಾಂಗಣಕ್ಕೂ ಹೋಗಿದ್ದೆ. ದರಗಳು ಗಣಕಯಂತ್ರದ ಪರದೆಯ ಮೇಲೆ ಮೂಡುತ್ತಿದ್ದವು. ಅಂಗಡಿಯನ್ನು ಅವರ ಮೊಮ್ಮಗ ನಡೆಸುತ್ತಿದ್ದಾನೆ. ನಾನು ಯಾರೆಂದು ಹೇಳದೆ ರಾಶಿಯ ಬಳಿ ನಿಂತು ಕೈಯನ್ನು ಒಳಗೆ ತೂರಿಸಿದೆ. ಮೇಲಿದ್ದ ಕಾಯಿಯೇ ಕೆಳಗೂ ಇತ್ತು.